ನರಿಗೆ ಕಾಳು

ಪಾಠ ಏಳು, ಪುಟ ನಲವತ್ತೆರಡು:
"ಬರಹ ಬರುವ ಮುನ್ನ ಜನರು ತಮ್ಮ ನಂಬಿಕೆಗಳನ್ನು
ಬಾಯಿಂದ ಬಾಯಿಗೆ ದಾಟಿಸುತ್ತಿದ್ದರು."
ಇಷ್ಟೇ. ಒಂದು ಅಂಕದ ಸಾಲು.
ಮೂವತ್ತೊಂದು ಮಕ್ಕಳು, ಒಂದೇ ಕೆಂಪು ಪೆನ್ನು,
ಕಸಿದಾಡಿ ಅಡಿಗೆರೆ ಎಳೆದರು.

ಕರೆಂಟು ಹೋಗಿತ್ತು.
ಚಿತ್ತಾಪುರದ ಬಿಸಿಲು ಶಾಲೆಯ ತಗಡಿನ ಮೇಲೆ ಕೂತು
ಇಳಿಯಲು ಒಲ್ಲೆ ಅನ್ನುತ್ತಿತ್ತು.
ತಂಪಿದ್ದದ್ದು ನೆಲದ ಹಾಸುಗಲ್ಲು ಮಾತ್ರ.
ಪುಸ್ತಕ ಮುಚ್ಚರಿ, ಅಂದೆ. ಕೆಳಗ ಕೂಡ್ರಿ, ಸಾಲಾಗಿ.

ಮೊದಲು ಕೂತ ಭೀಮಶಾನ ಕಿವಿಯಲ್ಲಿಟ್ಟೆ,
ಎತ್ತಿನ ಹಗ್ಗ ಹಿಡಿದು ಕಾಗಿಣಾ ದಂಡೆಯಲ್ಲಿ
ನನ್ನ ಮುತ್ಯಾ ನನಗೆ ಹೇಳಿದ ಮಾತು:
ಹೊಳೆ ದಾಟುವಾಗ ಮೊದಲು ನೀರಿಗೆ ಕೈಮುಗಿ,
ಆಮೇಲೆ ಕಾಲಿಡು.

ಮಾತು ಹೊರಟಿತು.
ಕಚಗುಳಿಗೆ ನಕ್ಕ ಲಾಡ್ಲೇಬಿಯ ಕಿವಿಗೆ,
ಹುರಿಗಡಲೆ ಜಗಿಯುವ ಗುಂಡಪ್ಪನ ಬಾಯಿಗೆ,
ನಡುವೆ ಯಾರೋ ಸೀನಿದರು,
ಯಾರೋ ಎರಡು ಸಲ ಕೇಳಿ ಬೈಸಿಕೊಂಡರು.
ಕೊನೆಗೆ ಸಾಯಬಣ್ಣ ಎದ್ದು ನಿಂತು
ಅಂಗಿತೋಳಿಗೆ ಮೂಗೊರೆಸಿ, ಗಟ್ಟಿಯಾಗಿ:
"ಹೊಲ ದಾಟುವಾಗ ಮೊದಲು ನರಿಗೆ ಕೈಮುಗಿ,
ಆಮೇಲೆ ಕಾಳಿಡು."

ತಗಡು ಹಾರುವಂಥ ನಗು.
ಭೀಮಶಾನಿಗೆ ಮಾತ್ರ ಸಿಟ್ಟು: "ಯಾರಲೇ ಕೆಡಿಸಿದವರು?"
ನಾನು ಸುಣ್ಣಕಡ್ಡಿ ಎತ್ತಿದೆ.
ಹಿಂದಿನ ರಾತ್ರಿಯೇ ಮಾಡಿಟ್ಟ ಬುದ್ಧಿಮಾತಿತ್ತು:
ನೋಡಿದಿರಾ, ಬರೆಯದ ಮಾತು ಹೀಗೇ ಸವೆಯುತ್ತದೆ.
ಅಷ್ಟರಲ್ಲಿ ಸಾಯಬಣ್ಣ, ಇನ್ನೂ ನಿಂತೇ:
"ನರಿಗಿ ಮುಗದ್ರ ಏನಾಗ್ತದ್ರಿ ಅಕ್ಕೋರ?
ಅದಕ್ಕೂ ಹಸಿವು ಇರ್ತದಲ್ರಿ."

ಹತ್ತು ನಿಮಿಷದಲ್ಲಿ ಒಂದು ದೇವರು ಹುಟ್ಟಿತ್ತು,
ಅದಕ್ಕೊಬ್ಬ ವಕೀಲನೂ ಸಿಕ್ಕಿದ್ದ.
ಸುಣ್ಣಕಡ್ಡಿ ಇಳಿಸಿದೆ.

ಆಗ ಬಾಗಿಲ ಹತ್ತಿರದಿಂದ ಸಕ್ರಿಬಾಯಿ.
ಜೂನಿನಿಂದ ಹಾಜರಿಗೆ ಕೈ ಎತ್ತಿದ್ದು ಬಿಟ್ಟರೆ
ದನಿ ಕೇಳಿಸಿದವಳಲ್ಲ.
"ನಮ್ದು ಕೆಡಂಗಿಲ್ರಿ," ಅಂದಳು.
ಹಾಡಲೂ ಇಲ್ಲ, ಮಾತಾಡಲೂ ಇಲ್ಲ, ನಡುವಿನದೇನೋ,
ಹಾಸುಗಲ್ಲಿಗೆ ಎರಡು ಪೆಟ್ಟು, ಮೊಣಕಾಲಿಗೆ ಒಂದು,
ಮತ್ತೆ ಕಲ್ಲಿಗೆರಡು.
ತಾಂಡಾದ ಮಾತು. ನನಗೆ ತಿಳಿಯದು,
ಆ ಸಾಲಿನಲ್ಲಿ ಇನ್ನಾರಿಗೂ ತಿಳಿಯದು.

ದಾಟಿಸ್ರಿ, ಅಂದೆ.
ಈ ಸಲ ಕಿವಿ ಬೇಕಾಗಲಿಲ್ಲ.
ಅಂಗೈಯಿಂದ ಅಂಗೈಗೆ, ಕಲ್ಲೇ ಹೇಳಿಕೊಟ್ಟಂತೆ,
ಗುಂಡಪ್ಪ ಕಡಲೆ ಉಗುಳಿ ಹಿಡಿದ,
ಸೀನಿದವರು ಸೀನಿಯೂ ತಾಳ ಬಿಡಲಿಲ್ಲ.
ಸಾಯಬಣ್ಣನ ಬಾಯಿಂದ ಅದು ಬಂದಾಗ
ಸಕ್ರಿಬಾಯಿ ತಲೆದೂಗಿದಳು, ಸಾಹುಕಾರನ ಅಂಗಡಿಯಲ್ಲಿ
ತೂಕ ನೋಡುವ ಹೆಂಗಸಿನ ಹಾಗೆ. ಸರಿ ಇತ್ತು.

ಅರ್ಥ ಏನು? ಕೇಳಿದೆ.
"ಬಿತ್ತೂ ಮುಂದ ಹೇಳೂದ್ರಿ.
ನಡುವಿನ ಒಂದು ಮಾತು ನಮ್ಮ ಯಾಡಿಗೂ ತಿಳೀದು,
ಯಾಡಿಯ ಯಾಡಿಗೂ ತಿಳೀದಂತ.
ಆದ್ರೂ ಬಿಡಂಗಿಲ್ರಿ."
ಲಾಡ್ಲೇಬಿ ತಡೆಯಲಾರದೆ: "ನಮ್ಮ ಅಲಾಯಿ ಹೆಜ್ಜಿನೂ ಹಂಗೇರಿ,
ಕಾಲಿಗೆ ಬರ್ತದ, ಹೇಳಾಕ ಬರಂಗಿಲ್ಲ."

ಅರ್ಥ ಇದ್ದ ನನ್ನ ಮಾತು ನರಿಯಾಗಿ ಓಡಿಹೋಯಿತು.
ಅರ್ಥ ಗೊತ್ತಿಲ್ಲದ್ದು ಮನೆ ಮುಟ್ಟಿತು.
ಇದನ್ನು ಏನೆಂದು ಬರೆಸಲಿ, ಒಂದು ಅಂಕಕ್ಕೆ?
ಗಂಟೆ ಹೊಡೆಯಿತು. ಮಕ್ಕಳು ಬಿಸಿಯೂಟಕ್ಕೆ ತಟ್ಟೆ ಬಡಿಯುತ್ತ ಹೋದರು,
ಎರಡು ಪೆಟ್ಟು, ಒಂದು ಪೆಟ್ಟು.

ಸೋಮವಾರ ಬಸ್ಸಿಳಿದು
ತೊಗರಿ ಹೊಲದ ಬದುವಿನ ಮೇಲೆ ಬರುತ್ತಿದ್ದೆ.
ಒಡೆದ ಹಾಸುಗಲ್ಲಿನ ಚೂರೊಂದರ ಮೇಲೆ
ಯಾರೋ ಹಿಡಿ ಕಾಳಿಟ್ಟಿದ್ದರು.
ಇಬ್ಬನಿಗೆ ತೊಯ್ದು ಅರ್ಧ ಉಳಿದಿತ್ತು,
ಅರ್ಧ ಯಾರು ತಿಂದರೋ.

ತರಗತಿಯಲ್ಲಿ ಕೇಳಲಿಲ್ಲ.
ಕಾಳು ತುಳಿಯದ ಹಾಗೆ ಹೆಜ್ಜೆ ಸರಿಸಿ ದಾಟಿದ್ದೆ.
ಕೈ ಮುಗಿದೆನೋ ಇಲ್ಲವೋ,
ಅದನ್ನು ಬರೆಯುವುದಿಲ್ಲ.